ತಮ್ಮ ಅನುಕೂಲದ ಸಮಯದಲ್ಲಿ

ಕೆಂಚಾರ್ಲಹಳ್ಳಿಯಿಂದ ನನ್ನ ದೊಡ್ಡಮ್ಮ ಬರೆಯುವ ಕಾರ್ಡುಗಳನ್ನು ನಾನು ಅಂಚಿನಿಂದ ಓದಲು ಆರಂಭಿಸುತ್ತೇನೆ. ಅಂಥ ಕಾರ್ಡುಗಳನ್ನು ನೀವೂ ಕಂಡಿರುತ್ತೀರಿ. ಮೇಲೆ ಕ್ಷೇಮಸಮಾಚಾರ, ಅದರ ಕೆಳಗೆ ಮಳೆ, ಹಿಪ್ಪುನೇರಳೆ ಸೊಪ್ಪು, ಕರು ಹಾಕಿದ ಹಸು, ಯಾರದೋ ಮನೆಯ ನಾಮಕರಣ, ಇಷ್ಟರಲ್ಲೇ ಕಾರ್ಡು ತುಂಬಿಹೋಗಿ, ಯಾವುದನ್ನು ತಿಳಿಸಲೆಂದು ಬರೆಯಲು ಕುಳಿತರೋ ಆ ವಿಷಯಕ್ಕೆ ಮಾತ್ರ ಜಾಗವಿಲ್ಲದಂತಾಗಿ, ಅದು ಎಡಗಡೆಯ ಅಂಚಿನಲ್ಲಿ ಇರುವೆಸಾಲಿನಂತೆ ಅಡ್ಡಲಾಗಿ ಹತ್ತಿರುತ್ತದೆ. ನಮ್ಮ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ನನ್ನನ್ನು ತಲುಪಿದ್ದು ಹೀಗೆಯೇ, ನಾಮಕರಣದ ಊಟದ ವಿವರಗಳೆಲ್ಲ ಮುಗಿದ ಮೇಲೆ.

ದೊಡ್ಡಮ್ಮನನ್ನು ನೋಡಿ ನಗುವ ಹಕ್ಕು ನನಗಿಲ್ಲ. ಆಕೆ ಮೂರನೆಯ ತರಗತಿಯವರೆಗೆ ಓದಿದವರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಅದು ಸಾಲದೆಂದು ಚಿಕ್ಕಬಳ್ಳಾಪುರದಲ್ಲಿ ಆರು ತಿಂಗಳು ವ್ಯವಹಾರದ ಪತ್ರಲೇಖನವನ್ನು ಶಾಸ್ತ್ರೋಕ್ತವಾಗಿ ಕಲಿತವಳು. ಆಕೆ ಜಾಗ ಸಾಲದೆ ಮಾಡಿದ್ದನ್ನು ನಾನು ಜಾಗವಿದ್ದೂ ಮಾಡಿದೆ.

ನಾನು ಕಲಿತ ಸಂಸ್ಥೆ ಎಂದರೆ ಅಂಗಡಿಯೊಂದರ ಮಹಡಿಯ ಮೇಲಿನ ಉದ್ದನೆಯ ಕೋಣೆ, ನಾಲ್ಕು ಟೈಪ್‌ರೈಟರುಗಳು, ಮತ್ತು ಯಾವುದೋ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿ ನಿವೃತ್ತರಾಗಿದ್ದ ನಮ್ಮ ಮೇಷ್ಟ್ರು. ಪತ್ರವೆನ್ನುವುದು ಮನೆಗೆ ಬಂದ ನೆಂಟನ ಹಾಗೆ ಎಂದು ಅವರು ಹೇಳುತ್ತಿದ್ದರು. ಚಪ್ಪಲಿ ಬಿಡಬೇಕು, ಯೋಗಕ್ಷೇಮ ವಿಚಾರಿಸಬೇಕು, ಕಾಫಿ ಕುಡಿಯಬೇಕು, ಗಂಟು ಬಿಚ್ಚುವುದು ಆಮೇಲೆ. ಅಪ್ರಿಯವಾದ ವಿಷಯವಿದ್ದರೆ ಅದರ ಸ್ಥಾನ ಮೂರನೆಯ ಪ್ಯಾರಾ. ಮೊದಲನೆಯದನ್ನು ಓದುವಾಗ ಕೋಪ ಬರಬಾರದು, ಕೊನೆಯದನ್ನು ಓದುವಾಗ ನೆನಪಿರಬಾರದು. ಶನಿವಾರಗಳಂದು ಒಬ್ಬೊಬ್ಬರೂ ಎದ್ದು ನಿಂತು ಒಂದು ವಸ್ತುವನ್ನು ಕುರಿತು ಐದು ನಿಮಿಷ ಮಾತನಾಡಬೇಕಿತ್ತು. ನನ್ನ ಪಾಲಿಗೆ ಮೇಷ್ಟ್ರ ಹಳೆಯ ಕೊಡೆ ಬಂದಾಗ, ನಾಲ್ಕು ಜನರೆದುರು ತಲೆಯೆತ್ತದ ನಾನು, ಅದು ಗಾಳಿ ಬೆಳಕುಗಳಿಗೆ ಉದಾರವಾಗಿ ಅವಕಾಶ ನೀಡುವ ಕೊಡೆಯೆಂದೂ ಮಳೆಯೊಂದಿಗೆ ಅದಕ್ಕೆ ಯಾವ ವೈಮನಸ್ಯವೂ ಇಲ್ಲವೆಂದೂ ವಿವರಿಸಿ ಕುಳಿತೆ. ಮೇಷ್ಟ್ರು ಉಳಿದವರ ಕಡೆ ತಿರುಗಿ, “ನೋಡ್ರಪ್ಪ, ಸೋರ್ತದೆ ಅಂತ ಒಂದು ಸಲಾನೂ ಅನ್ಲಿಲ್ಲ ಈಯಮ್ಮ. ಇದು ಕಣ್ರೋ ವಿದ್ಯೆ” ಎಂದರು. ಆ ದಿನ ನನಗಾದ ಸಂತೋಷ ಬಿ.ಎ. ತೇರ್ಗಡೆಯಾದಾಗಲೂ ಆಗಿರಲಿಲ್ಲ. ಸ್ವಭಾವತಃ ಮರೆಯಲ್ಲಿರಬಯಸುವವಳಿಗೆ ಭಾಷೆಯೇ ಒಂದು ಪರದೆಯಾಗಬಲ್ಲದು ಎಂದು ಗೊತ್ತಾದ ಸಂತೋಷ ಅದು.

ಈ ವಿದ್ಯೆಯೊಡನೆ ನಾನು ಶಿಡ್ಲಘಟ್ಟದ ಒಂದು ರೇಷ್ಮೆ ಕಾರ್ಖಾನೆಗೆ ಪತ್ರವ್ಯವಹಾರದ ಗುಮಾಸ್ತೆಯಾಗಿ ಸೇರಿದೆ. ಸೋದರಮಾವನ ಮನೆ ಅಲ್ಲೇ ಇದ್ದುದರಿಂದ ನಮ್ಮ ತಂದೆ ಒಪ್ಪಿದರು. ಮಾಲೀಕರು ಬೆಂಗಳೂರಿನಲ್ಲಿದ್ದರು, ಶಿಡ್ಲಘಟ್ಟದಲ್ಲಿ ಮ್ಯಾನೇಜರರದೇ ಆಡಳಿತ, ಇಬ್ಬರ ನಡುವೆ ಓಡಾಡುತ್ತಿದ್ದ ಇಂಗ್ಲಿಷ್ ಪತ್ರಗಳು ನನ್ನವು. ನನ್ನ ಕೋಣೆಯ ಕಿಟಕಿಯಾಚೆ ಉದ್ದನೆಯ ಷೆಡ್ಡಿನಲ್ಲಿ ಸಾಲಾಗಿ ಕುಳಿತ ಹೆಂಗಸರು ಬಿಸಿನೀರಿನ ತೊಟ್ಟಿಗಳಲ್ಲಿ ಬೆಂದ ಗೂಡುಗಳಿಂದ ನೂಲು ತೆಗೆಯುತ್ತಿದ್ದರು. ನೀರು ಕಾಯಿಸುವ ಹಬೆ ಬಾಯ್ಲರಿನಿಂದ ಅವರ ತಲೆಯ ಮೇಲಿನ ಪೈಪುಗಳಲ್ಲಿ ಹರಿದು ಬರುತ್ತಿತ್ತು. ಕಿಟಕಿಗೆ ಹತ್ತಿರದ ತೊಟ್ಟಿಯಲ್ಲಿ ಕೂರುತ್ತಿದ್ದವಳು ಅಕ್ಕಯ್ಯಮ್ಮ. ಬೆರಳುಗಳೆಲ್ಲ ನೀರಿನಲ್ಲಿ ನೆನೆದು ಬಿಳಿಚಿದ್ದರೂ ಆಕೆಯ ನಾಲಗೆ ಮಾತ್ರ ಸದಾ ಚುರುಕು. ನನಗೆ ಇಂಗ್ಲೀಷಮ್ಮ ಎಂದು ಹೆಸರಿಟ್ಟವಳೂ ಅವಳೇ. “ಗಂಡನ ಮನೆಗೆ ಹೋದ್ಮೇಲೆ ಏನಮ್ಮಾ ಮಾಡ್ತೀಯ? ಅನ್ನ ಬೆಂದೈತೆ ಅಂತ ಅವನಿಗೂ ಕಾಗ್ದ ಬರೀತೀಯಾ?” ಎಂದು ಕೇಳಿ, ಪಕ್ಕದವಳಿಗೆ ಅದನ್ನೇ ತೆಲುಗಿನಲ್ಲಿ ಇನ್ನಷ್ಟು ಮಸಾಲೆ ಹಾಕಿ ಹೇಳಿ ಸಾಲನ್ನೆಲ್ಲ ನಗಿಸುತ್ತಿದ್ದಳು.

ಬಾಯ್ಲರು ನೋಡಿಕೊಳ್ಳುತ್ತಿದ್ದವರು ಅಲೀಪುರದ ಅಬ್ಬಾಸ್ ಸಾಬರು. ಮಿತಭಾಷಿ, ಅವರೂ ನಾನೂ ವರ್ಷವೆಲ್ಲ ಸೇರಿ ಆಡಿದ ಮಾತನ್ನು ಒಂದು ಕಾರ್ಡಿನಲ್ಲಿ ಬರೆಯಬಹುದಿತ್ತು. ಕಿಟಕಿಯ ಬಳಿಯ ಪೈಪಿನ ಜೋಡಣೆ ಸವೆದುಹೋಗಿದೆಯೆಂದು ಅವರು ಮ್ಯಾನೇಜರರಿಗೆ ಎರಡು ಸಲ ಹೇಳಿ, ಮಾಲೀಕರಿಗೆ ಬರೆಸು ಎಂಬ ಉತ್ತರ ಪಡೆದು ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

“ಅಮ್ಮಾ, ಆ ಪೈಪು ಇವತ್ತಲ್ಲ ನಾಳೆ ಒಡೀತದೆ. ಕೆಳಗೆ ಕೂತಿರೋ ಹೆಂಗಸರು ಸಾಯ್ತಾರೆ. ಹಂಗೇ ಬರೀರಿ.”

ಹಂಗೇ ಬರೆಯುವುದೆ? ಸಾಯುವುದೆಂಬ ಶಬ್ದವನ್ನು ಮಾಲೀಕರಿಗೆ ಬರೆದ ಪತ್ರದಲ್ಲಿ ಟೈಪು ಮಾಡುವುದನ್ನು ಊಹಿಸಿಕೊಂಡೇ ನನಗೆ ಸಂಕೋಚವಾಯಿತು. ಆ ತಿಂಗಳ ನೂಲು ಸಮನಾಗಿಯೂ ಹೊಳಪಾಗಿಯೂ ಬಂದಿದೆಯೆಂದು ಮೊದಲ ಪ್ಯಾರಾದಲ್ಲಿ ಬರೆದೆ. ಮಳೆ ಚೆನ್ನಾಗಿರುವುದರಿಂದ ಗೂಡಿನ ಸರಬರಾಜಿಗೆ ಕೊರತೆಯಾಗದೆಂದು ಎರಡನೆಯದರಲ್ಲಿ ಬರೆದೆ. ಮೂರನೆಯದರಲ್ಲಿ, ಹಬೆಯ ಪೈಪುಗಳ ಕೆಲವು ಭಾಗಗಳು ದೀರ್ಘಕಾಲದ ಸೇವೆಯ ನಂತರ ತಮ್ಮ ಅನುಕೂಲದ ಸಮಯದಲ್ಲಿ ತಮ್ಮ ಗಮನಕ್ಕೆ ಪಾತ್ರವಾಗಬಹುದೆಂದು ನಮ್ಮ ಮೆಕ್ಯಾನಿಕ್ ಅಭಿಪ್ರಾಯಪಡುತ್ತಾರೆ ಎಂದು ಬರೆದೆ. ನಾಲ್ಕನೆಯದರಲ್ಲಿ ಕೃತಜ್ಞತೆ. ಮ್ಯಾನೇಜರರು ಓದಿ ತಲೆದೂಗಿ ಸಹಿ ಹಾಕಿದರು. ಪತ್ರ ಹೋಯಿತೇ ಎಂದು ಅಬ್ಬಾಸ್ ಸಾಬರು ಕೇಳಿದಾಗ ಹೋಯಿತು ಎಂದೆ. ಅದರಲ್ಲಿ ಏನಿದೆಯೆಂದು ಅವರಿಗೆ ಓದಿ ಹೇಳುವ ಯೋಚನೆ ನನಗೆ ಬರಲೇ ಇಲ್ಲ.

ಹತ್ತು ದಿನದ ಮೇಲೆ ಉತ್ತರ ಬಂತು. ಪೈಪುಗಳ ವಿಷಯವನ್ನು ವಾರ್ಷಿಕ ರಜೆಯಲ್ಲಿ ಪರಿಶೀಲಿಸೋಣ ಎಂದಿದ್ದ ಮಾಲೀಕರು, ಕಾರ್ಖಾನೆಯ ಪತ್ರಗಳ ಭಾಷೆ ಇತ್ತೀಚೆಗೆ ಬಹಳ ಸುಧಾರಿಸಿದೆ ಎಂದು ಕೊನೆಯಲ್ಲಿ ಸೇರಿಸಿದ್ದರು. ಆ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿಕೊಂಡೆನೆಂದು ಇಲ್ಲಿ ಹೇಳುವುದಿಲ್ಲ.

ಪೈಪು ಒಡೆದದ್ದು ಅದೇ ತಿಂಗಳ ಕೊನೆಯ ವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ. ಮೊದಲು ದೊಡ್ಡ ಶಬ್ದ, ಆಮೇಲೆ ಕಿಟಕಿಯ ಆಚೆಗೆಲ್ಲ ಬಿಳುಪು, ಆ ಬಿಳುಪಿನೊಳಗಿಂದ ಕೂಗು. ಅಬ್ಬಾಸ್ ಸಾಬರು ಹಬೆ ನಿಲ್ಲಿಸಿ, ಕಂಬಳಿ ಹೊದ್ದು ಒಳಕ್ಕೆ ನುಗ್ಗಿ ಅಕ್ಕಯ್ಯಮ್ಮನನ್ನು ಹೊತ್ತು ತಂದರು. ಉಳಿದವರು ಕೈಕಾಲು ಸುಟ್ಟುಕೊಂಡು ಪಾರಾದರು. ಆಕೆಯ ಮೈಯ ಮುಂಭಾಗವೆಲ್ಲ ಬೆಂದಿತ್ತು. ಮೂರನೆಯ ದಿನ ನಾನು ಆಸ್ಪತ್ರೆಗೆ ಹೋದಾಗ ಆಕೆ ಸನ್ನೆಮಾಡಿ ಹತ್ತಿರ ಕರೆದಳು. ಗೌರಿಬಿದನೂರಿನ ಕಡೆ ಕೊಟ್ಟಿದ್ದ ಮಗಳಿಗೆ ತಿಂಗಳು ತುಂಬಿತ್ತಂತೆ. “ಇಂಗ್ಲೀಷಮ್ಮಾ, ಮಗಳಿಗೊಂದು ಕಾಗ್ದ ಹಾಕು. ಚೆನ್ನಾಗಿದೀನಿ ಅಂತ ಬರಿ. ನೀನು ಬರೆದ್ರೆ ನಂಬ್ತಾರೆ” ಎಂದಳು. ಬರೆದೆ. ಅಂಥದನ್ನು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಕಾಗದ ಮಗಳ ಕೈಸೇರುವ ಹೊತ್ತಿಗೆ ಅಕ್ಕಯ್ಯಮ್ಮ ಇರಲಿಲ್ಲ.

ವಿಚಾರಣೆಗೆ ಬೆಂಗಳೂರಿನಿಂದ ಇನ್‌ಸ್ಪೆಕ್ಟರೊಬ್ಬರು ಬಂದರು. ಮ್ಯಾನೇಜರರ ಹೇಳಿಕೆ ಸಿದ್ಧವಾಗಿತ್ತು: ಮೆಕ್ಯಾನಿಕ್ ಸೋರಿಕೆಯ ಮಾತಾಡಿದ್ದನೇ ಹೊರತು ಅಪಾಯದ ಮಾತಾಡಿರಲಿಲ್ಲ, ತಾನೇ ಏನೋ ಸುತ್ತಿ ಬಿಗಿದು ತಡೆಯುತ್ತದೆ ಎಂದಿದ್ದ, ಸಾವು ಅವನ ಅಲಕ್ಷ್ಯದಿಂದಾದದ್ದು. ಅದು ಹಾಗೆಯೇ ದಾಖಲಾದರೆ ಅಬ್ಬಾಸ್ ಸಾಬರು ಬಾಯ್ಲರು ನಡೆಸಲು ಪಡೆದಿದ್ದ ಸರ್ಟಿಫಿಕೇಟು ರದ್ದಾಗುತ್ತಿತ್ತು. ಅದಕ್ಕಿಂತ ಮಿಗಿಲಾಗಿ, ತಾವು ಎಚ್ಚರಿಸಿದ್ದ ಸಾವಿಗೆ ಅವರೇ ಕಾರಣರೆಂದು ಆಗುತ್ತಿತ್ತು. ಸಾಕ್ಷಿಯಾಗಿ ಮ್ಯಾನೇಜರರು ಮುಂದಿಟ್ಟದ್ದು ನನ್ನ ಪತ್ರದ ನಕಲನ್ನು.

“ಓದಿ ನೋಡಿ ಸಾರ್. ಇದ್ರಲ್ಲಿ ಅಪಾಯ ಅನ್ನೋ ಮಾತೆಲ್ಲಿದೆ?”

ಇನ್‌ಸ್ಪೆಕ್ಟರು ಮೂರನೆಯ ಪ್ಯಾರಾವನ್ನು ಎರಡು ಸಲ ಓದಿ, ಅಬ್ಬಾಸ್ ಸಾಬರಿಗೆ ಕನ್ನಡದಲ್ಲಿ ಅರ್ಥ ಹೇಳಿ, ನೀನು ಹೇಳಿದ್ದು ಇದೇನಾ ಎಂದರು. ಸಾಬರು ತಮ್ಮ ಮಾತು ಏನಾಗಿತ್ತೆಂಬುದನ್ನು ಆಗ ಮೊದಲ ಬಾರಿಗೆ ಕೇಳಿದರು. ಅವರು ನನ್ನ ಕಡೆ ನೋಡಲಿಲ್ಲ. “ನಾನು ಹೇಳಿದ್ದು ಈ ಅಮ್ಮಾರಿಗೆ ಗೊತ್ತು” ಎಂದಷ್ಟೇ ಅಂದರು.

ನಾನು ಎದ್ದು ನಿಂತೆ. “ಪೈಪುಗಳ ಪರಿಸ್ಥಿತಿಯ ಬಗ್ಗೆ ಅವರು ತಮ್ಮ ಅಸಮಾಧಾನವನ್ನು...” ಎಂದು ಆರಂಭಿಸಿದ ನಾಲಗೆ, ಅಭ್ಯಾಸಬಲದಿಂದ ಮತ್ತೆ ಪರದೆಯ ಹಿಂದೆ ಸರಿಯುತ್ತಿರುವುದು ನನಗೇ ಕೇಳಿಸಿತು. ನಿಲ್ಲಿಸಿದೆ. ಮ್ಯಾನೇಜರರು ಕರುಣೆಯಿಂದಲೇ, ಹುಡುಗಿ ಹೆದರಿದಾಳೆ, ಕೂತ್ಕೊಳಮ್ಮ ಎಂದರು. ಕೂತುಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ.

“ಅವರು ಹೇಳಿದ ಮಾತನ್ನೇ ಹೇಳಿ” ಎಂದರು ಇನ್‌ಸ್ಪೆಕ್ಟರು.

“ಪೈಪು ಒಡೀತದೆ, ಕೆಳಗೆ ಕೂತಿರೋ ಹೆಂಗಸರು ಸಾಯ್ತಾರೆ, ಹಂಗೇ ಬರೀರಿ ಅಂದ್ರು. ನಾನು ಹಂಗೆ ಬರೀಲಿಲ್ಲ. ಚೆನ್ನಾಗಿ ಕಾಣಲಿ ಅಂತ ಬದಲಾಯಿಸಿದೆ. ಅವರಿಗೆ ಓದಿ ಹೇಳ್ಲೂ ಇಲ್ಲ.”

ಇನ್‌ಸ್ಪೆಕ್ಟರು ಅದನ್ನು ಹಾಗೆಯೇ ಬರೆದುಕೊಂಡರು. ಅರ್ಧ ನಿಮಿಷವೂ ಹಿಡಿಯದ ಆ ಭಾಷಣ ನಾನು ಈವರೆಗೆ ಮಾಡಿದ್ದರಲ್ಲಿ ಅತ್ಯುತ್ತಮವಾದದ್ದು, ಮತ್ತು ಒಂದು ತಿಂಗಳು ತಡವಾಗಿ ಮಾಡಿದ್ದು.

ಅಬ್ಬಾಸ್ ಸಾಬರ ಸರ್ಟಿಫಿಕೇಟು ಉಳಿಯಿತು, ಕೆಲಸ ಉಳಿಯಲಿಲ್ಲ. ಪೈಪುಗಳನ್ನು ಹೊಸದಾಗಿ ಹಾಕಿಸಿದರು. ನಾನು ಎರಡು ಸಾಲಿನ ರಾಜೀನಾಮೆ ಕೊಟ್ಟು ಬಂದೆ; ಈಗ ಚಿಂತಾಮಣಿಯಲ್ಲಿ ಪಾಠ ಹೇಳುತ್ತೇನೆ. ವ್ಯವಹಾರದಲ್ಲಿ ಪರಿಣಾಮಕಾರಿಯಾಗಿ ಬರೆಯುವುದು ಹೇಗೆಂದು ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಸೂತ್ರವಿಲ್ಲ. ಕಂಡದ್ದೊಂದನ್ನು ಹೇಳಬಲ್ಲೆ.

ಊರು ಬಿಡುವ ವಾರ ಯಾವುದೋ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಹೊರಗೆ ಹೊಂಗೆಮರದಡಿ ಅರ್ಜಿ ಬರೆಯುವ ಮುದುಕನ ಮುಂದೆ ಅಬ್ಬಾಸ್ ಸಾಬರು ಕುಕ್ಕರುಗಾಲಲ್ಲಿ ಕುಳಿತಿದ್ದರು. ಬೇರೆಲ್ಲೋ ಬಾಯ್ಲರಿನ ಕೆಲಸ ಕೇಳುವ ಅರ್ಜಿ. ಮುದುಕ ಬರೆದಷ್ಟನ್ನು ಗಟ್ಟಿಯಾಗಿ ಓದುತ್ತಿದ್ದ. ಕಾರಣಾಂತರಗಳಿಂದ ಹಿಂದಿನ ಕೆಲಸ ಬಿಟ್ಟಿರುತ್ತೇನೆ ಎಂಬಲ್ಲಿಗೆ ಬಂದಾಗ ಸಾಬರು ಕೈಯೆತ್ತಿದರು.

“ಅದು ನಾನಂದಿಲ್ಲ. ಪೈಪು ಒಡೀತು, ಒಬ್ಬಾಕೆ ಸತ್ತಳು, ಅದಕ್ಕೆ ತೆಗೆದ್ರು ಅಂತ ಬರೀರಿ.”

“ಅದ್ನ ಹಾಕಿದ್ರೆ ಕೆಲ್ಸ ಯಾವನು ಕೊಡ್ತಾನೆ ಸಾಬ್ರೇ?”

“ಹಾಕಿ.”

ಮುದುಕ ಗೊಣಗಿಕೊಂಡೇ ಮಸಿಯಲ್ಲಿ ಲೇಖನಿ ಅದ್ದಿ, ಆ ಸಾಲನ್ನು ಹೊಡೆದುಹಾಕಿ, ಮೇಲೆ ಹೊಸದಾಗಿ ಬರೆದು ಮತ್ತೆ ಓದಿದ. ಸಾಬರು ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. ಕಣ್ಣು ತೆರೆದಾಗ ನಾನು ಕಂಡೆನೇನೋ, ಕೈಯನ್ನು ಹಣೆಗೆ ಮುಟ್ಟಿಸಿ ಮತ್ತೆ ಅರ್ಜಿಯ ಕಡೆ ತಿರುಗಿಕೊಂಡರು. ನನ್ನ ಬಳಿಗೆ ಬಾರದೆ ಅಲ್ಲಿಗೆ ಹೋದದ್ದೇಕೆಂದು ನಾನು ಕೇಳಬೇಕಾಗಿರಲಿಲ್ಲ. ಮುದುಕ ಮುಂದಿನ ವಾಕ್ಯವನ್ನು ಓದಿ, ಲೇಖನಿಯನ್ನು ಎತ್ತಿ ಹಿಡಿದು, ಸಾಬರ ಮುಖ ನೋಡುತ್ತ ಕಾಯುತ್ತಿದ್ದ.