ಅಮ್ಮ ಮೊಗ್ಗು ಚಿವುಟಿದ ಬೇಸಿಗೆ

ಅಮ್ಮ ಮೂವತ್ತೊಂದು ವರ್ಷ ಊರವರ ರಕ್ತ ತೆಗೆದಳು. ಯಾರಾದರೂ ಹೀಗೆಂದರೆ ಅವಳೇ ಮೊದಲು ನಗುತ್ತಿದ್ದಳು. "ಹೀರಿದಳು ಅನ್ನಬೇಡಿ ಮತ್ತೆ, ಅದು ಬಿಲ್ಲು ಬರೆಯೋ ಮೇಲಿನ ಮಹಡಿಯವರ ಕೆಲಸ" ಎನ್ನುತ್ತಿದ್ದಳು. ಆಸ್ಪತ್ರೆಯ ನೆಲಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಿನಿಂದ ತಡವಿ, ಬೇರೆಯವರು ನಾಲ್ಕು ಸಲ ಚುಚ್ಚಿದರೂ ಸಿಗದ ನರವನ್ನು ಅವಳು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಜನ ಅವಳಿಗೆ ಇಟ್ಟ ಹೆಸರು ಸೂಜಿಯಮ್ಮ. ಕಿರುಚುವ ಮಕ್ಕಳು, ಸೂಜಿ ಕಂಡೊಡನೆ ಕಣ್ಣು ಮೇಲೆ ಮಾಡುವ ದಢೂತಿ ಗಂಡಸರು, ಯಾರನ್ನು ಕಂಡರೂ ಅವಳಿಗೆ ಗಾಬರಿಯಿರಲಿಲ್ಲ. ಮನೆಯಲ್ಲಿ ಪುಕ್ಕಲು ಎಂದರೆ ನಾನು. ಹಲ್ಲಿ ಕಂಡರೆ ಮಂಚ ಹತ್ತುವವಳು.

ಕೆಲಸದಿಂದ ನಿವೃತ್ತಳಾದ ಮೇಲೆ ಅಮ್ಮ ಹೂವಿನ ಗಿಡಗಳ ಹಿಂದೆ ಬಿದ್ದಳು. ಹಿಂಬಾಗಿಲು ದಾಟಿದರೆ ಒಂದು ಚಪ್ಪಡಿ ಕಲ್ಲು, ಅದರಾಚೆ ಕಾಂಪೌಂಡ್ ಗೋಡೆಯವರೆಗೆ ಹನ್ನೆರಡು ಹೆಜ್ಜೆ ಉದ್ದದ ಮಣ್ಣು. ಅಲ್ಲಿ ಅವಳು ನೆಟ್ಟದ್ದು ಪ್ರತಿ ವರ್ಷ ಬಿತ್ತಬೇಕಾದ ಜಾತಿಯಲ್ಲ. ಚಳಿಗೆ ಮೇಲಿನದೆಲ್ಲ ಒಣಗಿ ಕಡ್ಡಿಯಾದರೂ ಬೇರು ನೆಲದಲ್ಲಿ ಮಲಗಿದ್ದು ಮತ್ತೆ ಏಳುವ ಜಾತಿ. ಮೊದಲ ವರ್ಷ ಒಂದು ಗೇಣು ಎದ್ದು ಸುಮ್ಮನಾದವು. ಎರಡನೆಯ ವರ್ಷವೂ ಅಷ್ಟಕ್ಕಷ್ಟೇ. "ಏನ್ರೀ ಸೂಜಿಯಮ್ಮ, ಹುಲ್ಲು ಸಾಕ್ತಾ ಇದೀರಾ?" ಎಂದು ಪಕ್ಕದ ಮನೆಯವರು ಕಾಲೆಳೆದರು. ಮೂರನೆಯ ಬೇಸಿಗೆಗೆ ಗಿಡಗಳು ಅಮ್ಮನ ತಲೆ ದಾಟಿದವು. ನೇರಳೆ ಬಣ್ಣದ ಉದ್ದುದ್ದ ಕದಿರುಗಳು, ನಡುವೆ ಗುಂಡಿಯಂಥ ಕಂದು ಉಬ್ಬು ಇದ್ದು ಸುತ್ತ ಗುಲಾಬಿ ಎಸಳು ಇಳಿಬಿದ್ದ ಹೂಗಳು, ಹಿಂದೆ ಗೋಡೆಗೊರಗಿ ಆಳೆತ್ತರಕ್ಕಿಂತ ಮೇಲೆ ಹಳದಿ ಹೂ. ಗಾಳಿಗೆ ಬೀಳದಂತೆ ಕೋಲು ನೆಟ್ಟು, ಆಸ್ಪತ್ರೆಯಿಂದ ತಂದ ಹಳೆಯ ರಬ್ಬರ್ ಪಟ್ಟಿಗಳಿಂದ ಕಟ್ಟಿದ್ದಳು. ಬಿಸಿಲೇರುವ ಹೊತ್ತಿಗೆ ಜೇನು, ದುಂಬಿ, ಚಿಟ್ಟೆ, ಹೆಸರು ಗೊತ್ತಿಲ್ಲದ ನೂರಾರು ಹುಳ ಬಂದು ಅಲ್ಲಿ ಎಬ್ಬಿಸಿದ ಗುಂಯ್ ಶಬ್ದ ಅಡುಗೆಮನೆಯವರೆಗೆ ಕೇಳುತ್ತಿತ್ತು. ಅಮ್ಮ ಚಹಾ ಲೋಟ ಹಿಡಿದು ಅವುಗಳ ನಡುವೆಯೇ ನಿಲ್ಲುವಳು. ಮೂವತ್ತೊಂದು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವಳಿಗೆ ಅದು ಎಷ್ಟು ದೊಡ್ಡದು ಎಂದು ನನಗೆ ಆಗ ತಿಳಿದಿರಲಿಲ್ಲ.

ನನ್ನ ಮಗಳು ಪುಟ್ಟಿಗೆ ನಾಲ್ಕು ವರ್ಷ ತುಂಬಿದ ಮೇಲೆ, ಶಾಲೆಯ ಆಟದ ಬಯಲಲ್ಲಿ ಒಂದು ಜೇನು ಕುಟುಕಿತು. ಹತ್ತು ನಿಮಿಷದಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಯಿತಂತೆ, ಉಸಿರು ಸಿಕ್ಕಿಕೊಂಡು ಶಿಳ್ಳೆಯಂತೆ ಸದ್ದು ಬಂತಂತೆ. ನಾನು ಆಸ್ಪತ್ರೆ ತಲುಪುವಾಗ ಅವಳ ಮೂಗಿಗೆ ಕೊಳವೆ ಹಾಕಿದ್ದರು. ಬದುಕಿದಳು. ಡಾಕ್ಟರು ಪೆನ್ನಿನಂಥ ಒಂದು ಇಂಜೆಕ್ಷನ್ ಕೊಟ್ಟು, "ಇದು ಸದಾ ಜೊತೆಯಲ್ಲಿರಲಿ, ಮುಂದಿನ ಸಲ ಇನ್ನೂ ಜೋರಾಗಬಹುದು, ಟೈಮ್ ಸಿಗದೇ ಇರಬಹುದು" ಎಂದರು. ಆ ಮಾತು ತಲೆಗೆ ಹುಳ ಬಿಟ್ಟಿತು. ಅಂದಿನಿಂದ ನನಗೆ ನೆಮ್ಮದಿಯ ನಿದ್ದೆ ಇಲ್ಲ. ಬೀದಿಯಲ್ಲಿ ಹೂ ಮಾರುವ ಗಾಡಿ ಕಂಡರೆ ಮಗುವನ್ನು ಎತ್ತಿಕೊಂಡು ಆಚೆ ಬದಿಗೆ ಓಡುತ್ತಿದ್ದೆ. ಹಣ್ಣಿನಂಗಡಿಯ ಮುಂದೆ ಉಸಿರು ಬಿಗಿಹಿಡಿಯುತ್ತಿದ್ದೆ.

ಬೇಸಿಗೆ ರಜೆಗೆ ಪ್ರತಿ ವರ್ಷ ನಾನೂ ಪುಟ್ಟಿಯೂ ಅಮ್ಮನ ಮನೆಗೆ ಹೋಗುವುದು ರೂಢಿ. ಗಿಡ ಹೂ ಬಿಡುವುದೂ ಸರಿಯಾಗಿ ಆಗಲೇ. ನಾನು ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿದೆ.

"ಅಮ್ಮ, ಆ ಗಿಡಗಳನ್ನೆಲ್ಲ ತೆಗಿ. ಇಲ್ಲಾಂದ್ರೆ ನಾವು ಬರಲ್ಲ."

"ಸರಿ ಕಣೇ" ಎಂದಳು. ನಾಲ್ಕು ದಿನದ ಮೇಲೆ ಅವಳೇ ಫೋನ್ ಮಾಡಿ, "ತೆಗೆದೆ, ಬನ್ನಿ" ಎಂದಳು.

ಹೋದೆವು. ಹಿತ್ತಿಲಲ್ಲಿ ಮೊಣಕಾಲೆತ್ತರದ ಹಸಿರು ಪೊದೆಗಳಿದ್ದವು, ಒಂದೂ ಹೂವಿರಲಿಲ್ಲ. ಗಿಡದ ವಿಷಯದಲ್ಲಿ ನಾನು ಶುದ್ಧ ದಡ್ಡಿ. ಆ ಜಾಗಕ್ಕೆ ಬೇರೇನೋ ಹಾಕಿದ್ದಾಳೆ ಅಂದುಕೊಂಡೆ. ಆದರೂ ಮೊದಲ ದಿನ ಅರ್ಧ ಗಂಟೆ ಹಿಂಬಾಗಿಲಲ್ಲಿ ಮೈಯೆಲ್ಲ ಕಿವಿಯಾಗಿ ನಿಂತೆ. ಗುಂಯ್ ಎನ್ನುವ ಸದ್ದಿಲ್ಲ. ಏಳು ತಿಂಗಳ ನಂತರ ಮೊದಲ ಸಲ ನನ್ನ ಮಗು ಬರಿಗಾಲಲ್ಲಿ ಹೊರಗೆ ಓಡಾಡುವುದನ್ನು ಕಂಡು ಕಣ್ಣು ತುಂಬಿತು. ಅಮ್ಮನಿಗೆ ಇಂಜೆಕ್ಷನ್ ತೋರಿಸಿದೆ. ಅದು ನನ್ನ ಕೈಚೀಲದ ಹೊರಜೇಬಿನಲ್ಲಿ, ಕೈಚೀಲ ಮಲಗುವ ಕೋಣೆಯ ಮೊಳೆಯಲ್ಲಿ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಲ್ಲೇ ಇಟ್ಟಳು.

ಅವಳು ಮಾಡಿದ್ದೇನೆಂದು ಆಮೇಲೆ ಗೊತ್ತಾಯಿತು. ಬೇಸಿಗೆಯ ಶುರುವಿಗೆ ಈ ಗಿಡಗಳನ್ನು ಅರ್ಧಕ್ಕೆ ಕತ್ತರಿಸಿದರೆ ಅವು ಸಾಯುವುದಿಲ್ಲ. ಬದಿಯಿಂದ ಕವಲೊಡೆದು, ಕುಳ್ಳಗಾಗಿ, ನಾಲ್ಕು ವಾರ ತಡವಾಗಿ ಹೂ ಬಿಡುತ್ತವೆ. ನಾವು ಇರುವುದು ಮೂರು ವಾರ. ನಾವು ಬಸ್ಸು ಹತ್ತಿದ ಮೇಲೆ ಹೂ, ಹೂವಿನ ಮೇಲೆ ಹುಳ. ಲೆಕ್ಕ ಕರಾರುವಾಕ್ಕಾಗಿತ್ತು.

ಮೂರನೆಯ ವಾರದ ಕೊನೆಗೆ ನಮ್ಮವರು ಫೋನ್ ಮಾಡಿದರು. ಫ್ಲ್ಯಾಟಿನ ಬಚ್ಚಲ ಪೈಪು ಒಡೆದು ನೆಲವೆಲ್ಲ ಅಗೆದಿದ್ದಾರೆ, ಧೂಳು, ನೀರಿಲ್ಲ, ಇನ್ನೆರಡು ವಾರ ಅಲ್ಲೇ ಇರಿ ಎಂದರು. ನಾನು ಖುಷಿಯಿಂದ ಅಮ್ಮನಿಗೆ ಹೇಳಿದೆ. ಅವಳ ಮುಖ ಸಪ್ಪಗಾಯಿತು.

"ಇನ್ನೂ ಎರಡು ವಾರನಾ?"

"ಯಾಕಮ್ಮ, ನಾವಿರೋದು ಭಾರವಾಯ್ತಾ?"

"ಅಯ್ಯೋ, ಹಾಗಲ್ವೇ" ಎಂದು ಪಾತ್ರೆ ತೊಳೆಯಲು ಎದ್ದು ಹೋದಳು. ನನಗೆ ನೋವಾಯಿತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಅಂದಿನಿಂದ ಅಮ್ಮ ಬೇರೆಯೇ ಮನುಷ್ಯಳಾದಳು. ಬಿಸಿಲು ಜಾಸ್ತಿ ಎಂದು ಹಿಂಬಾಗಿಲು ಹಾಕಿಸಿದಳು. ಪುಟ್ಟಿಯನ್ನು ಒಳಕೋಣೆಯಲ್ಲೇ ಕೂರಿಸಿ ಬಣ್ಣ ಹಚ್ಚಿಸಿದಳು. ಮಗು ಬಾಗಿಲ ಕಡೆ ಹೋದರೆ ಊಟದ ನಡುವೆಯೂ ಎದ್ದು ಓಡುವಳು. ಪುಟ್ಟಿ ಒಮ್ಮೆ ಸುಮ್ಮನೆ ಕೆಮ್ಮಿದ್ದಕ್ಕೆ ಅಮ್ಮನ ಕೈಯಿಂದ ತಟ್ಟೆ ಬಿತ್ತು. ಯಾವುದಕ್ಕೂ ಜಗ್ಗದ ಸೂಜಿಯಮ್ಮ ಹೀಗೆ ಬೆಚ್ಚಿಬೀಳುವುದನ್ನು ಕಂಡು, ಇವಳಿಗೇನೋ ಕಾಯಿಲೆ ಇದೆ, ನನ್ನಿಂದ ಮುಚ್ಚಿಡುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಭಯವಾಯಿತು.

ಮುಚ್ಚಿಟ್ಟದ್ದೇನೋ ನಿಜ. ಗಿಡಗಳಲ್ಲಿ ಮೊಗ್ಗು ಬಂದಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಜೇನು ಏಳುವುದರೊಳಗೆ, ಅವಳು ಒಂದೊಂದೇ ಮೊಗ್ಗನ್ನು ಚಿವುಟುತ್ತಿದ್ದಳು. ಒಂದು ಕಡೆ ಮುಗಿಸಿ ತಿರುಗಿದರೆ ಇನ್ನೊಂದು ಕಡೆ ಹತ್ತು. ಕತ್ತರಿಸಿದಷ್ಟೂ ಕವಲು, ಕವಲಿಗೊಂದು ಮೊಗ್ಗು. ಚಿವುಟಿದ್ದನ್ನೆಲ್ಲ ಬಕೆಟ್ಟಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಬಿಗಿದು ಗೋಡೆಯ ಮೂಲೆಯಲ್ಲಿಡುವಳು. ಹನ್ನೊಂದು ಬೆಳಗು ಹೀಗೆ ನಡೆಯಿತು. ಹನ್ನೊಂದು ದಿನ ಆ ಹಿತ್ತಿಲಲ್ಲಿ ಒಂದು ಹುಳವೂ ಮಗುವಿನ ಹತ್ತಿರ ಬರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು.

ಹನ್ನೆರಡನೆಯ ಬೆಳಗು ನನಗೆ ಬೇಗ ಎಚ್ಚರವಾಯಿತು. ಹಿಂಬಾಗಿಲು ತೆರೆದಿತ್ತು. ಅಮ್ಮ ಬಗ್ಗಿ ನಿಂತು, ಬೆರಳುಗಳೆಲ್ಲ ಹಸಿರಾಗಿ, ಚಿವುಟುತ್ತಿದ್ದಳು. ಅವಳ ಕೈಗೆ ಎಟುಕದ ಗೋಡೆಯ ಬದಿಯಲ್ಲಿ ಅದೇ ನೇರಳೆ ಕದಿರು ನಾಲ್ಕು ಅರಳಿದ್ದವು. ಪಕ್ಕದಲ್ಲೇ ಬಟ್ಟೆ ಹೊದಿಸಿದ ಬಕೆಟ್. ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದ ಕೂಡಲೇ ಕೂಗಿದೆ.

"ಅಮ್ಮಾ! ತೆಗೆದೆ ಅಂದ್ಯಲ್ಲ?"

ಅವಳು ನೆಟ್ಟಗಾಗಿ, ಸೊಂಟ ಹಿಡಿದು, ನನ್ನ ಮುಖ ನೋಡದೆ ಹೇಳಿದಳು. "ತೆಗೆದೆ ಅಂದೆ ಕಣೇ. ಕಿತ್ತೆ ಅನ್ನಲಿಲ್ಲ. ರಕ್ತ ತೆಗೆದ್ರೆ ಮನುಷ್ಯ ಸಾಯ್ತಾನಾ? ಹಾಗೇ ತೆಗೆದೆ. ನೀವು ಇರೋವರೆಗೆ ಹೂ ಬಿಡಲ್ಲ ಅಂದ್ಕೊಂಡಿದ್ದೆ."

ಆ ಮಾತಿನ ಚಮತ್ಕಾರ ಕೇಳಿ ನನಗೆ ಮೈ ಉರಿಯಿತು.

"ನಿನಗೆ ನನ್ನ ಮಗುಗಿಂತ ಈ ಕಡ್ಡಿ ಹೆಚ್ಚಾ? ಅದು ಸತ್ತುಹೋಗಿದ್ರೆ?"

"ಕೂಗಬೇಡ್ವೇ, ಮಗು ಏಳುತ್ತೆ. ಬೈ, ಎಷ್ಟು ಬೇಕಾದ್ರೂ ಬೈ, ಒಳಗೆ ಬಂದು ಬೈ. ಆ ಬಕೆಟ್ ಹತ್ತಿರ ಹೋಗಬೇಡ. ಬೆಳಗಿನ ತಂಪಿಗೆ ಹುಳ ಹೂವಿನೊಳಗೇ ಮುದುಡಿ ಕೂತಿರ್ತವೆ, ಒಂದೆರಡು ಸಿಕ್ಕಿರಬಹುದು."

ಅವಳು ಹೇಳಿದ್ದು ಕಿವಿಗೆ ಬಿತ್ತು. ಬಿದ್ದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೂ ಕಾಲು ನನ್ನ ಮಾತು ಕೇಳಲಿಲ್ಲ. ಬಕೆಟ್ಟನ್ನು ಒದ್ದೆ. ಅದು ಉರುಳಿ, ಬಟ್ಟೆ ಕಳಚಿ, ಮೊಗ್ಗು, ಎಲೆ, ಅರೆಬಿರಿದ ಹೂ ಎಲ್ಲ ಚಪ್ಪಡಿಯ ಮೇಲೆ ಹರಡಿದವು. ನಾನು ಬಗ್ಗಿ ಕೈಗೆ ಸಿಕ್ಕ ಗಿಡವನ್ನು ಬೇರುಸಹಿತ ಎಳೆಯತೊಡಗಿದೆ. ಬೇರು ಬರಲಿಲ್ಲ. ಕೂಗುತ್ತಲೇ ಎಳೆದೆ.

ನಮ್ಮ ಕೂಗಾಟಕ್ಕೆ ಪುಟ್ಟಿ ಎದ್ದು ಬಂದಳು. ಬರಿಗಾಲು. "ಅಜ್ಜೀ" ಎಂದು ಬಾಗಿಲು ದಾಟಿ ಚಪ್ಪಡಿಯ ಮೇಲೆ ಎರಡು ಹೆಜ್ಜೆ ಇಟ್ಟಳು, ಆಮೇಲೆ ಕಾಲೆತ್ತಿ ಚೀರಿದಳು.

ಕೈಚೀಲ ಎಲ್ಲಿದೆ ಎಂಬುದೇ ನನಗೆ ಮರೆತುಹೋಯಿತು. ಮಗುವಿನ ತುಟಿ ದಪ್ಪಗಾಗುವುದನ್ನು ನೋಡುತ್ತ ನಿಂತೇ ಇದ್ದೆ. ಅಮ್ಮ ನನ್ನನ್ನು ತಳ್ಳಿಕೊಂಡು ಒಳಗೆ ಓಡಿ, ಇಂಜೆಕ್ಷನ್ ತಂದು, ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿ, ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದಳು. "ಆಂಬುಲೆನ್ಸ್‌ಗೆ ಫೋನ್ ಮಾಡು" ಎಂದಳು. ನಾನು ನಂಬರ್ ಒತ್ತುವಾಗ ಎರಡು ಸಲ ತಪ್ಪಿದೆ. ಪುಟ್ಟಿಯ ಉಸಿರು ಶಿಳ್ಳೆ ಹಾಕುತ್ತಿತ್ತು. ಆ ಸದ್ದು ನಿಂತರೆ ಏನು ಗತಿ ಎಂದು, ಆ ಸದ್ದು ನಿಲ್ಲಬಾರದು ಎಂದು ನಾನು ಬೇಡಿಕೊಂಡೆ. ಅಮ್ಮ ಒಂದೇ ಸಮನೆ ಆ ಉಸಿರನ್ನೇ ಎಣಿಸುತ್ತಿದ್ದಳು. ಆಂಬುಲೆನ್ಸ್ ಬರಲು ಹಿಡಿದದ್ದು ಹದಿಮೂರು ನಿಮಿಷ.

ಮಗು ಉಳಿಯಿತು. ಆಸ್ಪತ್ರೆಯವರು, ಇಂಜೆಕ್ಷನ್ ಇನ್ನೈದು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮಧ್ಯಾಹ್ನ ನಮ್ಮವರು ಬಂದರು. "ಹೇಗಾಯ್ತು?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಹೇಳಿದಳು.

"ತಪ್ಪು ನಂದಪ್ಪ. ಗಿಡ ಕಿತ್ತು ಹಾಕು ಅಂದ್ರೂ ಕೀಳಲಿಲ್ಲ. ಸುಳ್ಳು ಹೇಳಿ ಕರೆಸ್ಕೊಂಡೆ."

ಬಕೆಟ್ಟಿನ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಮ್ಮವರು ಜೋರು ಮಾಡುವ ಜಾತಿಯಲ್ಲ. "ನಿಮ್ಮನ್ನ ನಂಬಿದ್ವಿ, ಅತ್ತೆ" ಎಂದಷ್ಟೇ ಅಂದು ಮುಖ ತಿರುಗಿಸಿದರು. ಆಮೇಲೆ ನನಗೆ ಹೇಳಿದರು, ಮಗು ಇನ್ನು ಆ ಮನೆಗೆ ಹೋಗುವುದಿಲ್ಲ, ಅವರೊಬ್ಬರ ಕೈಗೆ ಬಿಡುವುದೂ ಇಲ್ಲ. ನಾನು ತಲೆಯಾಡಿಸಿದೆ. ಮಗುವಿನ ಜೀವ ಉಳಿಸಿದ ಕೈ ಅದೇ ಎಂದು ಹೇಳಲು, ಅಪಾಯ ತಂದ ಕಾಲು ನನ್ನದೆಂದೂ ಹೇಳಬೇಕಾಗುತ್ತಿತ್ತು. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಹೇಳಿದರೆ ಇವರು ನನ್ನನ್ನು ಹೇಗೆ ನೋಡುವರೋ ಎಂಬ ಭಯ.

ಅಮ್ಮ ಆ ವಾರವೇ ಆಳು ಹಚ್ಚಿ ಗಿಡಗಳನ್ನೆಲ್ಲ ಅಗೆಸಿದಳಂತೆ. ಮಣ್ಣಿನಲ್ಲಿ ಉಳಿದ ಬೇರಿನ ಚೂರುಗಳಿಂದ ಚಿಗುರು ಬರುತ್ತಲೇ ಇತ್ತಂತೆ, ಬಂದಂತೆ ಕಿತ್ತಳಂತೆ. ಎರಡು ಬೇಸಿಗೆ ನಾವು ಹೋಗಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಅವಳೇ ಬಸ್ಸಿನಲ್ಲಿ ಬಂದು, ಸೋಫಾದ ತುದಿಯಲ್ಲಿ ಕೂತು, ಮಗುವನ್ನು ದೂರದಿಂದ ನೋಡಿ ಹೋಗುವಳು. ಪ್ರತಿ ಸಲವೂ ನಾನು ಈ ಸಲ ಹೇಳುತ್ತೇನೆ ಎಂದುಕೊಂಡು, ಹೇಳದೆ ಬಸ್ಸು ಹತ್ತಿಸುತ್ತಿದ್ದೆ.

ಕಳೆದ ಭಾನುವಾರ ಅಮ್ಮ ಬಂದಿದ್ದಳು, ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದೆವು. ಪುಟ್ಟಿಗೀಗ ಏಳು. ಶಾಲೆಯಲ್ಲಿ ಕೀಟಗಳ ಪಾಠ ಆಗಿತ್ತು. ಜೇನು ತಾನಾಗಿ ಯಾರನ್ನೂ ಕುಟುಕುವುದಿಲ್ಲ, ಹೆದರಿದರೆ ಮಾತ್ರ ಕುಟುಕುತ್ತದೆ ಎಂದು ವಿವರಿಸುತ್ತಾ, ತಲೆಯೆತ್ತದೆ ಹೇಳಿದಳು, "ಆವತ್ತು ಅಮ್ಮ ಬಕೆಟ್ ಒದ್ದಿದ್ದಕ್ಕೆ ಅದಕ್ಕೆ ಹೆದರಿಕೆ ಆಗಿತ್ತು."

ಇವರ ಕೈ ತಟ್ಟೆಯಲ್ಲೇ ನಿಂತಿತು. "ಯಾವ ಬಕೆಟ್?"

"ಇಲ್ಲ ಪುಟ್ಟಿ, ನೀನು ನಿದ್ದೆಗಣ್ಣಲ್ಲಿದ್ದೆ" ಎಂದಳು ಅಮ್ಮ ಅವಸರದಿಂದ. "ಒದ್ದಿದ್ದು ನಾನು. ಕಾಲು ಎಡವಿತು."

"ಇಲ್ಲ ಅಜ್ಜಿ, ನಾನು ಬಾಗಿಲಲ್ಲಿದ್ದೆ" ಎಂದಳು ಪುಟ್ಟಿ, ಅಳು ಬಂದವಳಂತೆ.

ಮಗುವಿನ ಕಣ್ಣು ನನ್ನ ಮೇಲಿತ್ತು. "ಒದ್ದಿದ್ದು ನಾನೇ" ಎಂದೆ. "ಹತ್ತಿರ ಹೋಗಬೇಡ ಅಂತ ಅಮ್ಮ ಹೇಳಿದ್ಲು. ಹನ್ನೊಂದು ದಿನ ಅವಳು ಒಂದು ಹುಳಾನೂ ಹತ್ತಿರ ಬಿಟ್ಟಿರಲಿಲ್ಲ." ಎಲ್ಲವನ್ನೂ ಹೇಳಿದೆ. ಅರ್ಧಕ್ಕೆ ಅಳು ಬಂತು, ಅತ್ತುಕೊಂಡೇ ಹೇಳಿದೆ.

ಇವರು ನನ್ನ ಕಡೆ ನೋಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಅಮ್ಮನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು.

"ಅತ್ತೆ, ಈ ರಜೆಗೆ ಪುಟ್ಟೀನ ನಿಮ್ಮ ಜೊತೆ ಕಳಿಸ್ಲಾ?"

ಪುಟ್ಟಿ ಕುರ್ಚಿಯಿಂದ ಜಿಗಿದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಮ್ಮ ಈ ಒಂದು ಮಾತಿಗೆ ಕಾದಿದ್ದಳು ಎಂದು ನನಗೆ ಗೊತ್ತು. ಅವಳು ಮಗುವಿನ ಕೈಗಳನ್ನು ಮೆಲ್ಲಗೆ ಬಿಡಿಸಿ ನನ್ನ ಕಡೆ ಸರಿಸಿದಳು.

"ಬೇಡಪ್ಪ" ಎಂದಳು. "ನನಗೆ ಭಯ ಆಗುತ್ತೆ."