ಎರಡು ವೇದಿಕೆ, ಒಬ್ಬ ಅಪ್ಪ

ಟೈಲರಕ್ಕನಿಗೆ ಆ ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದಳು, ಬಿಚ್ಚಿದ್ದನ್ನು ಮತ್ತೆ ಅಲ್ಲಿಗೇ ಹೊಲಿದಳು. ಕತ್ತರಿ ಕೈಯಲ್ಲೇ ಹಿಡಿದು ಕತ್ತರಿಗಾಗಿ ಮೇಜೆಲ್ಲ ತಡಕಾಡಿದಳು. ಒಂದೇ ಮನೆಯ ಇಬ್ಬರು ಗಂಡಸರು ಎರಡು ಪಕ್ಷ ಸೇರಿದರೆ ಹೆಂಗಸಿಗೆ ನೆಮ್ಮದಿ ಎಲ್ಲಿಂದ ಬರಬೇಕು!

ಹಾಗೆಂದು ಅವರೇನು ಹಾವು ಮುಂಗುಸಿಗಳಲ್ಲ. ಅವಳ ಗಂಡನೂ ತಮ್ಮನೂ ಹಿಂದಿನ ಆಡಳಿತದ ಮುಖ್ಯಸ್ಥರ ಕಚೇರಿಯಲ್ಲಿ ಎದುರುಬದುರು ಕೂತು ಒಂದೇ ಡಬ್ಬಿಯ ಊಟ ಮಾಡಿದವರು. ದೊಡ್ಡವರು ಎಂದು ಎಲ್ಲರೂ ಕರೆಯುತ್ತಿದ್ದ ಆ ಮುಖ್ಯಸ್ಥರು ಯಾವ ದಿನ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವುದು ಗಂಡನ ಕೆಲಸ. ಅದಕ್ಕೆ ಕಚೇರಿಯಲ್ಲಿ ಅವನ ಹೆಸರೇ ತಾರೀಖು ಎಂದಾಗಿತ್ತು. ತಮ್ಮ ಭಾಷಣ ಬರೆಯುತ್ತಿದ್ದ. ಸ್ವಾಗತದ ಮಾತಿನಲ್ಲೇ ಅರ್ಧ ಸಭೆ ನುಂಗಿಬಿಡುತ್ತಿದ್ದ ಅವನು ಪೀಠಿಕೆ. ದೊಡ್ಡವರ ಕಾಲ ಮುಗಿದ ಮೇಲೆ ಇಬ್ಬರೂ ಮನೆಯಲ್ಲಿ ನೊಣ ಹೊಡೆಯುತ್ತ ಕೂತರು.

ಅಷ್ಟರಲ್ಲಿ ಚುನಾವಣೆ ಬಂತು. ಹಳೇ ಆಡಳಿತವನ್ನು ವೇದಿಕೆಯ ಮೇಲೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದ ಅಭ್ಯರ್ಥಿಗಳೇ, ಕೆಳಗಿಳಿದ ಮೇಲೆ ಹಳೇ ಆಡಳಿತದ ಸಲಹೆಗಾರರಿಗೆ ಗಾಳ ಹಾಕತೊಡಗಿದರು. ಅನುಭವ ಬೇಕಲ್ಲ, ಪಾಪ! ತಾರೀಖನ್ನು ಒಬ್ಬ ವಕೀಲ ಅಭ್ಯರ್ಥಿ ಕರೆಸಿಕೊಂಡ. ಪೀಠಿಕೆಯನ್ನು ಅವನ ಎದುರಾಳಿ, ಸಾಲುಸಾಲು ಲಾರಿಗಳ ಒಡತಿ, ಎಲ್ಲರೂ ಲಾರಿಯಮ್ಮ ಎನ್ನುವವಳು ಕರೆಸಿಕೊಂಡಳು. ಗಾಳಿ ಬಂದಾಗ ತೂರಿಕೋ ಎಂಬ ಹಿರಿಯರ ಮಾತನ್ನು ಇಬ್ಬರೂ ಮೀರಲಿಲ್ಲ. ಮನೆಯೊಳಗೆ ಮಾತ್ರ ಪ್ರಚಾರದ ಸುದ್ದಿ ಎತ್ತಕೂಡದು ಎಂದು ಭಾವ-ಭಾವಮೈದ ಕರಾರು ಮಾಡಿಕೊಂಡರು.

ಟೈಲರಕ್ಕನಿಗೆ ಪಕ್ಷದ ಗೊಡವೆ ಇರಲಿಲ್ಲ. ಅವಳ ಎದೆಯಲ್ಲಿ ಇದ್ದದ್ದು ಅಪ್ಪ. ದೊಡ್ಡವರ ಕಾಲದಲ್ಲೇ ಒಮ್ಮೆ ಅವರಿಗೆ ಉಸಿರು ಕಟ್ಟಿದಾಗ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಹಳೇ ವಾರ್ಡು ತುಂಬಿ ತುಳುಕುತ್ತಿತ್ತು. ಹೊಸ ವಾರ್ಡಿನಲ್ಲಿ ಹಾಸಿಗೆ ಹಾಸಿಟ್ಟಿತ್ತು, ಆಕ್ಸಿಜನ್ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಉದ್ಘಾಟನೆಗೆ ದೊಡ್ಡವರು ಇನ್ನೂ ಬಂದಿರಲಿಲ್ಲ. ಆ ಬೀಗದ ಎದುರಿನ ಬೆಂಚಿನ ಮೇಲೆ, ಮಗಳ ಕೈ ಹಿಡಿದುಕೊಂಡೇ ಅಪ್ಪ ಹೋಗಿಬಿಟ್ಟರು. ದೊಡ್ಡವರಿಗೆ ಬಿಡುವಿಲ್ಲ ಎಂದು ಉದ್ಘಾಟನೆ ಮುಂದೂಡಿದವನು ಅವಳ ಗಂಡ. ಆಮೇಲೆ ರಿಬ್ಬನ್ ಕತ್ತರಿಸಿದ ದಿನದ ಭಾಷಣ ಬರೆದವನು ಅವಳ ತಮ್ಮ. ಮೂವರಿಗೂ ಗೊತ್ತಿದ್ದ ಈ ವಿಷಯವನ್ನು ಮೂವರೂ ನುಂಗಿಕೊಂಡೇ ಬದುಕಿದ್ದರು.

ಇಬ್ಬರೂ ಹೊಸ ಕೆಲಸಕ್ಕೆ ಹೊರಟಾಗ ಅವಳಿಗೆ ತಡೆಯಲಾಗಲಿಲ್ಲ. ಗಂಡನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡಳು.

“ರೀ, ನಂಗೆ ಪರಿಹಾರ ಬೇಡ, ಏನೂ ಬೇಡ. ಬಾಗಿಲು ತೆಗೀದೇ ಇದ್ದದ್ದಕ್ಕೆ ಅಪ್ಪ ಹೋದ್ರು ಅಂತ ಒಂದೇ ಒಂದ್ಸಲ ಜನರ ಎದುರು ಹೇಳ್ಸಿ.”

“ಹೇಳಿಸ್ತೀನಿ ಕಣೆ,” ಎಂದ ಅವನು, ಅವಳ ಮುಖ ನೋಡದೆ. “ನನ್ನ ತಲೆ ಮೇಲಿನ ಭಾರಾನೂ ಇಳಿಯುತ್ತೆ.”

ಒಬ್ಬ ಕೈಕೊಟ್ಟರೆ ಇನ್ನೊಬ್ಬನಿರಲಿ ಎಂದು ಮೆಟ್ಟಿಲ ಮೇಲೆ ತಮ್ಮನಿಗೂ ಅದನ್ನೇ ಹೇಳಿದಳು. “ನೋಡ್ತಿರು ಅಕ್ಕ, ಕಲ್ಲೂ ಕರಗಬೇಕು ಹಾಗೆ ಬರೀತೀನಿ,” ಎಂದ ಅವನು.

ಅಂದಿನಿಂದ ಶುರುವಾದದ್ದು ಅವಳ ತಳಮಳ. ಹೊಲಿಗೆ ಯಂತ್ರದ ಪಕ್ಕದಲ್ಲಿ ಫೋನು ಇಟ್ಟುಕೊಂಡು ಇಬ್ಬರ ಸಭೆಗಳನ್ನೂ ಕೇಳಿದಳು. ರಸ್ತೆ, ನೀರು, ಕರೆಂಟು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಶನಿವಾರ ವಕೀಲ ದನಿ ತಗ್ಗಿಸಿದ. ಆಸ್ಪತ್ರೆ, ಬೀಗ, ಬೆಂಚು ಎಂದ. ಅವಳು ಎದ್ದು ನಿಂತಳು. “ಆ ಹಿರಿಯರ ಪಕ್ಕದಲ್ಲಿ ಇದ್ದವನು ನಾನು. ಅವರ ಕೈ ನನ್ನ ಕೈಯಲ್ಲಿತ್ತು,” ಎಂದು ವಕೀಲ ಕಣ್ಣೊರೆಸಿಕೊಂಡ. ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಹೋಗಲಿ, ಬೀಗದ ಮಾತಾದರೂ ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಮೈದಾನದಲ್ಲಿ ಲಾರಿಯಮ್ಮ ಅದೇ ಆಸ್ಪತ್ರೆ, ಅದೇ ಬೀಗ, ಅದೇ ಬೆಂಚು ಎಂದಳು. “ಅವರ ತಲೆ ನನ್ನ ಮಡಿಲಲ್ಲಿತ್ತು!” ಎಂದು ಗದ್ಗದಿತಳಾದಳು.

ರಾತ್ರಿಯಾಗುವ ಮೊದಲೇ ಎರಡು ತುಣುಕುಗಳನ್ನೂ ಅಕ್ಕಪಕ್ಕ ಜೋಡಿಸಿದ ವಿಡಿಯೊ ಊರೆಲ್ಲ ಓಡಾಡಿತು. ಮನೆಯಲ್ಲಿ ಭಾವ-ಭಾವಮೈದರ ಕರಾರು ಮುರಿದುಬಿತ್ತು.

“ನೀನೂ ಅದನ್ನೇ ಬರೀತೀಯಾ ಅಂತ ನಂಗೇನು ಕನಸು ಬಿದ್ದಿತ್ತಾ?” ಎಂದು ತಾರೀಖು ಕೂಗಾಡಿದ.

“ಭಾಷಣ ನನ್ನ ಕೆಲಸ ಭಾವ, ನಿಮಗ್ಯಾಕೆ ಬೇಕಿತ್ತು?” ಎಂದ ಪೀಠಿಕೆ.

ಟೈಲರಕ್ಕ ನಡುವೆ ಬಂದು ನಿಂತಳು. “ಅವರಿಬ್ರೂ ಅಲ್ಲಿ ಇದ್ರು ಅಂತ ಯಾಕೆ ಸೇರಿಸಿದ್ರಿ? ಅಲ್ಲಿ ಇದ್ದವಳು ನಾನು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೇ ಕಚೇರಿಯಲ್ಲಿ ಅದು ಕಟ್ಟುನಿಟ್ಟು: ಯಾರ ಕಣ್ಣೀರಿನ ಕಥೆಯಾದರೂ ಸರಿ, ದೊಡ್ಡವರು ಅದರೊಳಗೆ ಇರಲೇಬೇಕು, ಇಲ್ಲದಿದ್ದರೆ ಕಾಗದ ವಾಪಸು ಬರುತ್ತಿತ್ತು. ಬರೆದೂ ಬರೆದೂ ಒಬ್ಬನಿಗೆ, ಕೇಳಿ ಕೇಳಿ ಇನ್ನೊಬ್ಬನಿಗೆ ಅದೇ ರೂಢಿಯಾಗಿತ್ತು. ಬೇರೆ ರೀತಿ ಬರೆಯಬಹುದೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

“ಹಾಗೇ ಅಲ್ವಾ ಅಕ್ಕ ಬರೆಯೋದು?” ಎಂದ ತಮ್ಮ. ಅವನ ದನಿಯಲ್ಲಿ ಕಪಟವಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಮರುದಿನ, ಪಕ್ಕಕ್ಕೆ ಈಚೆಗಷ್ಟೇ ಬಂದಿದ್ದ ಬೇಕರಿಯವನು ಹೊಸ ಕೋಟು ಹಾಕಿ ನೋಡಲು ಅಂಗಡಿಗೆ ಬಂದ. ಕನ್ನಡಿಯ ಮುಂದೆ ನಿಂತವನಿಗೆ ನಗು ತಡೆಯಲಾಗುತ್ತಿರಲಿಲ್ಲ.

“ನೋಡಿದ್ರಾ ಟೈಲರಕ್ಕ? ತಲೆ ಆಯಮ್ಮನ ಮಡಿಲಲ್ಲಿ, ಕೈ ಈ ವಕೀಲನ ಕೈಲಿ! ಬೀಗವಂತೆ, ಬೆಂಚಂತೆ. ಅಂಥ ಮುದುಕ ಹುಟ್ಟೇ ಇಲ್ಲ ಬಿಡಿ, ಎಲ್ಲಾ ಬುರುಡೆ.”

ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

“ಬುರುಡೆ ಅಲ್ಲ. ಅವರು ನಮ್ಮಪ್ಪ. ಬೀಗ ಹಾಕಿದ್ದು ನಿಜ. ಕೈ ಹಿಡ್ಕೊಂಡಿದ್ದವಳು ನಾನು.”

ಬೇಕರಿಯವನು ಕನ್ನಡಿಯೊಳಗಿಂದಲೇ ಅವಳನ್ನು ಒಂದು ಕ್ಷಣ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಓಹೋ, ನೀವು ಮೂರನೆಯವರು! ಯಾವ ಪಕ್ಷದಿಂದ ನಿಂತಿದ್ದೀರಿ ಅಕ್ಕ?”