ಮಾಸ್ತರರ ಬಿಗಿದುಹೋದ ಲೆನ್ಸು

ಹುಬ್ಬಳ್ಳಿ ಹತ್ತಿರದ ತಾರಿಹಾಳದ ವರ್ಕ್‌ಶಾಪಿನಲ್ಲಿ ನಾನು ಲೇತ್ ಮಶೀನು ನಡೆಸುತ್ತೇನೆ. ಹಳೆಯ ಲೆನ್ಸುಗಳ ಹುಚ್ಚು ಹತ್ತಿದ್ದೂ ಅಲ್ಲಿಯೇ. ಫಿಲ್ಮ್ ಕ್ಯಾಮೆರಾದ ಲೆನ್ಸು ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಕೂಡಬೇಕಾದರೆ ನಡುವೆ ಒಂದು ಲೋಹದ ಬಳೆ ಬೇಕು. ಅದನ್ನು ಊಟದ ಬಿಡುವಿನಲ್ಲಿ ನಾನೇ ಕಡೆದುಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ, ಧಾರವಾಡದ ಮಿಶನ್ ಸಾಲಿಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ತಮ್ಮ ಲೆನ್ಸು ಮಾರುತ್ತಾರಂತೆ ಎಂದು ಗೆಳೆಯ ಹೇಳಿದ. ಹೋದೆ. ಮಾಸ್ತರರಿಗೆ ಕಣ್ಣು ಪೂರ್ತಿ ಹೋಗಿತ್ತು. ಮಗಳು ಕರ್ಚೀಫಿನ ಗಂಟು ಬಿಚ್ಚಿ ಲೆನ್ಸು ತೋರಿಸಿದರು. ಸಾಲಿಯ ಗ್ರೂಪ್ ಫೋಟೊ, ಚರ್ಚಿನ ಮದುವೆ, ಎಲ್ಲ ಅದರಲ್ಲೇ ತೆಗೆದದ್ದಂತೆ. ಫೋಕಸ್ ಹೊಂದಿಸುವ ಬಳೆ ಮಾತ್ರ ಬಿಗಿದು ಕದಲುತ್ತಿರಲಿಲ್ಲ. ರೇಟಿನ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ರಿಪೇರಿಯಾಗಿ ಸುದ್ದ ಆದಮೇಲೆ ಒಮ್ಮೆ ತಂದು ಕೈಗೆ ಕೊಡಬೇಕು ಎಂದಷ್ಟೇ ಮಾಸ್ತರರು ಕೇಳಿಕೊಂಡರು.

ಹುಬ್ಬಳ್ಳಿಯ ಮನೆಯಲ್ಲಿ ಅದನ್ನು ಬಿಚ್ಚಿದರೆ ಒಳಗಿನ ಗ್ರೀಸು ಅಂಟಿನುಂಡಿಯ ಪಾಕದ ಹಾಗೆ ಗಟ್ಟಿಯಾಗಿತ್ತು. ಗಾಜಿಗೆ ಬೂಷ್ಟು ಹಿಡಿದಿತ್ತು. ಮೂರು ರವಿವಾರ ಹೋದವು. ಕಾಳಿನಷ್ಟು ಸಣ್ಣ ಸ್ಕ್ರೂ ಒಂದು ಕಳೆದು, ಹೆಂಡತಿ ಕಸಬರಿಗೆ ಹಿಡಿದು ಹುಡುಕಿಕೊಟ್ಟಳು.

ಬಳೆ ಸಲೀಸಾಗಿ ತಿರುಗಿದ ಮೇಲೆ ತೆಗೆದ ಮೊದಲ ಚಿತ್ರ ಜೋಳ ಹಸನು ಮಾಡುತ್ತಿದ್ದ ಅವ್ವನದು. ಹೊಸ ಲೆನ್ಸು ಸುಕ್ಕು ಸುಕ್ಕನ್ನೂ ಎತ್ತಿ ತೋರಿಸುತ್ತದೆ. ಇದರಲ್ಲಿ ಅವಳ ಮುಖ ಉಳಿದು, ಹಿಂದಿನ ಗೋಡೆ ಮೆಲ್ಲಗೆ ಕರಗಿತ್ತು. ನಾನು ಸಣ್ಣವನಿದ್ದಾಗ ಅವಳು ಹೀಗೇ ಕಾಣುತ್ತಿದ್ದಳು ಅನ್ನಿಸಿ ಸುಮಾರು ಹೊತ್ತು ನೋಡುತ್ತ ಕೂತೆ.

ಮುಂದಿನ ವಾರ ಕ್ಯಾಮೆರಾ ಸಮೇತ ಧಾರವಾಡಕ್ಕೆ ಒಯ್ದೆ. ಕೈಗೆ ಕೊಡುತ್ತಲೇ ಮಾಸ್ತರರ ಎಡಗೈ ತಾನಾಗಿ ಫೋಕಸ್ ಬಳೆಯ ಮೇಲೆ ಕೂತಿತು. ಈ ತುದಿಯಿಂದ ಆ ತುದಿಗೆ ಎರಡು ಸಲ ತಿರುಗಿಸಿದರು. ಆಮೇಲೆ ಮಗಳಿಗೆ ಅಂಗಳದ ಪೇರಲ ಗಿಡದ ಕೆಳಗೆ ನಿಲ್ಲಲು ಹೇಳಿದರು.

"ಏನರ ಮಾತಾಡವ್ವಾ."

ಏನು ಮಾತಾಡಲಿ ಎಂದು ಆಕೆ ನಕ್ಕರು. ಆ ದನಿ ಬಂದತ್ತ ಮಾಸ್ತರರು ಮುಖ ತಿರುಗಿಸಿದರು. "ಹತ್ತು ಫೂಟ," ಎಂದು ತಮ್ಮಷ್ಟಕ್ಕೆ ಅಂದುಕೊಂಡು ಬೆರಳಳತೆಯಲ್ಲೇ ಬಳೆ ಹೊಂದಿಸಿ ಬಟನ್ ಒತ್ತಿದರು.

ಪರದೆ ನೋಡಿದೆ. ಸುಳ್ಳು ಹೇಳಬೇಕಾಗಲಿಲ್ಲ.

"ನೆತ್ತಿ ಒಂಚೂರು ಕಟ್ಟಾಗೇತ್ರಿ. ಕಣ್ಣು ಮಾತ್ರ ಛಲೋ ಬಂದಾವು."

ಮಗಳು ಬಂದು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಲೆನ್ಸು ಇಲ್ಲೇ ಇರಲಿ ಎಂದು ನಾನು ಕ್ಯಾಮೆರಾದಿಂದ ತೆಗೆಯಹೋದರೆ ಮಾಸ್ತರರು ನನ್ನ ಕೈ ಹಿಡಿದರು.

"ಬ್ಯಾಡ್ರಿ. ದಿನಾ ತಿರುವೋ ಕೈಯಾಗ ಇರ್ಲಿ."

ಮಗಳ ಚಿತ್ರ ದೊಡ್ಡದು ಮಾಡಿಸಿ ಕೊಟ್ಟು ಬಂದೆ. ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಅಮ್ಮಿನಬಾವಿಯ ಹೊಲಗಳಲ್ಲೋ ಮಾರ್ಕೆಟ್ಟಿನಲ್ಲೋ ತೆಗೆದ ಚಿತ್ರಗಳಲ್ಲಿ ಏನಿದೆಯೆಂದು ಮಾಸ್ತರರಿಗೆ ಒಂದೊಂದಾಗಿ ಬಾಯಿಂದ ಹೇಳುತ್ತೇನೆ. ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಎಂದು ಅವರು ಮೊದಲು ಕೇಳುತ್ತಾರೆ.